ಕೊಯಿಂಬ್ರಾಕ್ಕೆ ಹೊತ್ತುಕೊಂಡು ಹೋದ ತಪ್ಪು

ಆನವಟ್ಟಿ ಬಸ್ ನಿಲ್ದಾಣ

ಪೋರ್ಚುಗಲ್ ದೇಶದ ಕೊಯಿಂಬ್ರಾ ಎಂಬ ಊರಿನ ಸಮ್ಮೇಳನದಲ್ಲಿ ಭಾಷಣ ಮಾಡಲು ನನಗೆ ಕರೆ ಬಂದದ್ದು ನಾನು ಬರೆದ ಒಂದೇ ಒಂದು ಲೇಖನದ ಪುಣ್ಯದಿಂದ. ಆ ಲೇಖನ ತಪ್ಪು ಎಂದು ಗೊತ್ತಾದದ್ದು ವಿಮಾನದ ಟಿಕೆಟ್ಟು ಕೈಗೆ ಬಂದ ಮೇಲೆ, ಆನವಟ್ಟಿಯ ಬಸ್ ನಿಲ್ದಾಣದಲ್ಲಿ.

ನನ್ನ ಕಸುಬನ್ನು ಮೊದಲು ಹೇಳಿಬಿಡುತ್ತೇನೆ. ನಾನು ಶಿಕಾರಿಪುರದವಳು, ಹೆಸರು ಶೈಲಜಾ. ಎಂ.ಆರ್.ಐ. ಯಂತ್ರದೊಳಗೆ ಮಲಗಿದವರಿಗೆ ಚಿತ್ರಗಳನ್ನು ತೋರಿಸಿ, ಆಗ ಅವರ ಮಿದುಳಿನ ಯಾವ ಜಾಗ ಚುರುಕಾಗುತ್ತದೆ ಎಂದು ನೋಡುವುದು ನನ್ನ ಕೆಲಸ. ಅಂಜನಾಪುರದ ಜಲಾಶಯದ ಸುತ್ತ ಕುರಿ ಮೇಯಿಸುವವರು ಹಿಂಡಿನಲ್ಲಿ ಬೆರೆತುಹೋದ ತಮ್ಮ ಕುರಿಯನ್ನು ಮುಖ ನೋಡಿಯೇ ಎಳೆದು ತರುವುದನ್ನು ಚಿಕ್ಕಂದಿನಿಂದ ಕಂಡಿದ್ದೆ. ಅವರಲ್ಲಿ ಕೆಲವರನ್ನು ಒಪ್ಪಿಸಿ, ಟೆಂಪೊದಲ್ಲಿ ಕರೆದುಕೊಂಡು ಹೋಗಿ, ಯಂತ್ರದೊಳಗೆ ಮಲಗಿಸಿ ಕುರಿಗಳ ಮುಖ ತೋರಿಸಿದ್ದೆ. ಮನುಷ್ಯರ ಮುಖ ನೋಡುವಾಗ ನಮ್ಮಲ್ಲಿ ಸಾಮಾನ್ಯವಾಗಿ ಮಿದುಳಿನ ಬಲಭಾಗ ಹೆಚ್ಚು ದುಡಿಯುತ್ತದೆ. ನಮ್ಮ ಕುರಿಗಾರರಲ್ಲಿ ಕುರಿಯ ಮುಖಕ್ಕೆ ದುಡಿದದ್ದು ಎಡಭಾಗ! ಲೋಕಕ್ಕೆ ಆಶ್ಚರ್ಯವಾಯಿತು. ನಮ್ಮ ಲೇಖನ ಹೆಸರು ಮಾಡಿತು.

ನಮ್ಮ ವೃತ್ತಿಯಲ್ಲಿ ಒಬ್ಬರ ಲೇಖನವನ್ನು ಇನ್ನೊಬ್ಬರು ತಮ್ಮ ಲೇಖನದಲ್ಲಿ ಹೆಸರಿಸುವುದಕ್ಕೆ ಉಲ್ಲೇಖ ಎನ್ನುತ್ತಾರೆ. ಎಷ್ಟು ಉಲ್ಲೇಖವೋ ಅಷ್ಟು ತೂಕ. ಬಡ್ತಿ, ಹೊಸ ಯೋಜನೆ, ವಿದೇಶದ ಕರೆ ಎಲ್ಲಕ್ಕೂ ಅದೇ ಲೆಕ್ಕ. ನನ್ನ ಮಿಕ್ಕ ಲೇಖನಗಳನ್ನು ನಾನು, ನನ್ನ ಗುರುಗಳು ಮತ್ತು ಪತ್ರಿಕೆಯ ಪರಿಶೀಲಕರನ್ನು ಬಿಟ್ಟರೆ ಯಾರೂ ಓದಿರಲಿಕ್ಕಿಲ್ಲ. ಈ ಒಂದು ಮಾತ್ರ ವಾರ ವಾರವೂ ಎಲ್ಲೋ ಒಂದು ಕಡೆ ಉಲ್ಲೇಖವಾಗುತ್ತಿತ್ತು. ಬೆಳಿಗ್ಗೆ ಎದ್ದವಳು ಹಾಲು ಕಾಯಿಸುವ ಮೊದಲು ಆ ಸಂಖ್ಯೆ ನೋಡುತ್ತಿದ್ದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಆ ದಿನ ಆನವಟ್ಟಿಗೆ ಹೋದದ್ದು ನನ್ನ ಚಿಕ್ಕಮ್ಮ ಗಿರಿಜಮ್ಮನ ಪಾತ್ರೆ ಅಂಗಡಿಗೆ. ಬಸ್ಸಿಳಿದರೆ ಎದುರಿಗೆ ಹನುಮಂತಪ್ಪ. ನಮ್ಮ ಯಂತ್ರದೊಳಗೆ ಮಲಗಿದ್ದ ಕುರಿಗಾರರಲ್ಲಿ ಒಬ್ಬ. ಮಾತಾಡುತ್ತಾ ರುಮಾಲು ಬಿಚ್ಚಿ ಬೆವರೊರೆಸಿಕೊಂಡ. ಬಲಗಿವಿಯ ಮೇಲೆ, ಬುರುಡೆಯಲ್ಲಿ, ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಆ ತಗ್ಗು ನನಗೆ ಗೊತ್ತಿತ್ತು. ಅವನ ತಲೆಯ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ. ಆದರೆ ಚಿತ್ರದಲ್ಲಿ ಅದು ‘ಎಡ’ ಎಂದು ಗುರುತು ಹಾಕಿದ ಕಡೆಗಿತ್ತು.

“ಹನುಮಂತಪ್ಪ, ಇದು ಯಾವಾಗಿನ ಪೆಟ್ಟು?”

“ಸಣ್ಣವನಿದ್ದಾಗ ಟಗರು ಹಾಯ್ತ್ರಿ, ಕಲ್ಲಿನ ಮ್ಯಾಲೆ ಬಿದ್ದಿದ್ನಿ. ಯಾಕ್ರೀ ಮೇಡಂ, ಮಿಷಿನ್ನಿನಾಗೆ ಕಂಡಿತ್ತೇನು?”

“ಕಂಡಿತ್ತು. ಎಡಗಡೆ.”

“ಎಡಗಡೆ ಹೆಂಗ್ ಕಾಣತೈತ್ರೀ? ಇಲ್ಲೈತಲ್ಲ!” ಎಂದು ತಲೆ ಬಗ್ಗಿಸಿ ತೋರಿಸಿದ.

ನಾನು ಅಂಗಡಿಗೆ ಹೋಗಲಿಲ್ಲ. ಬಂದ ಬಸ್ಸಿನಲ್ಲೇ ವಾಪಸ್ಸಾದೆ. ಮೂರು ದಿನ ಕೂತು ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಯಂತ್ರದ ಕಡತಗಳನ್ನು ನಮ್ಮ ಗಣಕಕ್ಕೆ ಹೊಂದುವ ಹಾಗೆ ಮಾರ್ಪಡಿಸುವಾಗ ಎಡ ಬಲವಾಗಿ, ಬಲ ಎಡವಾಗಿ ಮಗುಚಿಕೊಂಡಿತ್ತು. ಎಲ್ಲರದೂ. ಅದೇ ಜನಕ್ಕೆ ಮನುಷ್ಯರ ಮುಖವನ್ನೂ ತೋರಿಸಿದ್ದರೆ, ಅದೂ ಎಡಕ್ಕೇ ಬಂದು, ಅಂದೇ ಗೊತ್ತಾಗುತ್ತಿತ್ತು. ಯಂತ್ರಕ್ಕೆ ಬಿಡುವಿಲ್ಲವೆಂದು ಆ ಭಾಗವನ್ನು ನಾನೇ ಕೈಬಿಟ್ಟಿದ್ದೆ.

ಗುರುಗಳಿಗೆ ಹೇಳಿದೆ. ಅವರು “ಹೋಗಿ ಭಾಷಣ ಮಾಡಿ ಬಾ. ನಿನ್ನ ಬಡ್ತಿಯ ಸಂದರ್ಶನವೂ ಮುಗಿಯಲಿ. ಆಮೇಲೆ ಒಂದು ತಿದ್ದುಪಡಿ ಕಳಿಸಿದರಾಯಿತು” ಎಂದರು. ಕೆಟ್ಟವರಲ್ಲ; ನನ್ನ ಒಳ್ಳೆಯದಕ್ಕೇ ಹೇಳಿದ್ದು.

ಚಿಕ್ಕಮ್ಮನಿಗೂ ಹೇಳಿದೆ. ಅವಳಿಗೆ ಮಿದುಳು, ಉಲ್ಲೇಖ ಒಂದೂ ತಿಳಿಯಲಿಲ್ಲ. ತಪ್ಪು ಎಂಬುದು ಮಾತ್ರ ತಿಳಿಯಿತು.

“ಸೋರೋ ಕೊಡ ಮಾರಿದೀವಿ ಅಂತ ಗೊತ್ತಾದ್ರೆ, ಗಿರಾಕಿ ಹೊತ್ಕೊಂಡು ಬರ್ಲಿ ಅಂತ ಕಾಯ್ತಾ ಕೂರ್ತಾರೇನೇ? ನಾವೇ ಅವರ ಮನೆ ಬಾಗ್ಲಿಗೆ ಹೋಗ್ಬೇಕು ಮಾರಾಯ್ತಿ.”

ಹೀಗೆ ಹೇಳಿದವಳು ತಾನೂ ಹೊರಟಳು. ಕೈಲಾಸ ಯಾತ್ರೆಗೆಂದು ಮಾಡಿಸಿದ ಪಾಸ್‌ಪೋರ್ಟು ಯಾತ್ರೆ ತಪ್ಪಿಹೋಗಿ ಖಾಲಿ ಬಿದ್ದಿತ್ತು. “ಒಂದು ಮುದ್ರೆಯಾದ್ರೂ ಬೀಳ್ಲಿ ಅದಕ್ಕೆ” ಎಂದಳು.

ನಡುದಾರಿಯ ವಿಮಾನ ನಿಲ್ದಾಣ

ವಿಮಾನ ಬದಲಿಸುವ ಕಡೆ ತಪಾಸಣೆಯ ಕಮಾನಿನ ಕೆಳಗೆ ಚಿಕ್ಕಮ್ಮ ಕಾಲಿಟ್ಟದ್ದೇ ಕಮಾನು ಕೂಗಿಕೊಂಡಿತು. ಬಳೆ ತೆಗೆದಳು, ಕೂಗಿತು. ಪಿನ್ನು ತೆಗೆದಳು, ಕೂಗಿತು. ಕಾರಣ ನನಗೆ ಮೊದಲೇ ಗೊತ್ತಿತ್ತು. ಅವಳ ಕೊರಳಿನಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲಿಂಗದೀಕ್ಷೆಯಾದ ದಿನದಿಂದ ಅದು ಮೈಬಿಟ್ಟು ಇಳಿದದ್ದಿಲ್ಲ. ಹಿಂದೊಮ್ಮೆ ನಾನು ನನ್ನ ಯಂತ್ರದೊಳಗೆ ಮಲಗು ಎಂದು ಕೇಳಿದಾಗಲೂ, ಲೋಹ ತೆಗೆಯಬೇಕೆಂಬ ಒಂದೇ ಮಾತಿಗೆ ಬೆನ್ನು ತಿರುಗಿಸಿದ್ದಳು.

ತಪಾಸಣೆಯ ಹೆಂಗಸು ಕೈ ಚಾಚಿದಳು. ಚಿಕ್ಕಮ್ಮ ಎರಡೂ ಕೈಯಿಂದ ಎದೆ ಮುಚ್ಚಿಕೊಂಡಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ತಡವರಿಸುತ್ತಾ, “ಇದು ಅವರ ದೇವರು. ತೆಗೆಯುವಂತಿಲ್ಲ. ಬೇರೆಯವರು ಮುಟ್ಟುವಂತೆಯೂ ಇಲ್ಲ” ಎಂದೆ.

ಆ ಹೆಂಗಸು ಒಂದು ಗಳಿಗೆ ಯೋಚಿಸಿ ನಮ್ಮನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ಕರಡಿಗೆಯನ್ನು ಚಿಕ್ಕಮ್ಮನ ಅಂಗೈಯಲ್ಲೇ ಹಿಡಿದುಕೊಳ್ಳಲು ಹೇಳಿ, ಬಗ್ಗಿ ನೋಡಿದಳು. ಆಮೇಲೆ ಚಿಕ್ಕಮ್ಮನ ಕೈಗೇ ಒಂದು ತುಂಡು ಬಟ್ಟೆ ಕೊಟ್ಟು ಕರಡಿಗೆಯನ್ನು ಒರೆಸಿಸಿ, ಆ ಬಟ್ಟೆಯನ್ನು ತನ್ನ ಯಂತ್ರಕ್ಕೆ ಹಾಕಿ ಪರೀಕ್ಷೆ ಮಾಡಿದಳು. ಮುಗಿದ ಮೇಲೆ ತನ್ನ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು.

“ನೋಡ್ದೇನೇ? ಅವಳ ಬೆರಳು ತಾಗ್ಲಿಲ್ಲ” ಎಂದಳು ಚಿಕ್ಕಮ್ಮ, ಹೊರಗೆ ಬಂದು ಬಳೆ ಏರಿಸಿಕೊಳ್ಳುತ್ತಾ. “ನಿನ್ನ ಮಿಷಿನ್ನು ತೆಗಿ ಅಂತು. ಇವಳು ತೆಗಿ ಅನ್ಲಿಲ್ಲ. ಎಷ್ಟು ಮರ್ಯಾದಸ್ಥೆ!”

ಆ ಹೆಂಗಸಿನ ಹೆಸರು ಕೇಳಲಿಲ್ಲ. ಈಗಲೂ ಅದೊಂದು ಕೊರತೆ.

ಕೊಯಿಂಬ್ರಾ: ಮೊದಲ ದಿನ

ಕೊಯಿಂಬ್ರಾ ಗುಡ್ಡದ ಮೇಲೆ ಕೂತ ಊರು. ಕೆಳಗೆ ಹೊಳೆ, ಮೇಲೆ ಹಳೆಯ ವಿಶ್ವವಿದ್ಯಾಲಯ, ನಡುವೆ ಮೆಟ್ಟಿಲೋ ಮೆಟ್ಟಿಲು. ನಮ್ಮ ಕಡೆ ದೇವಸ್ಥಾನಕ್ಕೆ ಮಾತ್ರ ಹತ್ತುತ್ತೇವೆ. ಇಲ್ಲಿ ಬ್ರೆಡ್ಡು ತರಲಿಕ್ಕೂ ಹತ್ತಬೇಕು. ಮುದುಕಿಯರು ಚೀಲ ಹಿಡಿದು ಏದುಸಿರಿಲ್ಲದೆ ಹತ್ತುತ್ತಿದ್ದರು. ಎದುರಾದವರಿಗೆಲ್ಲ “ಬೋಂ ದೀಯ” ಎನ್ನುತ್ತಿದ್ದರು, ಶುಭದಿನ ಎಂದು. ಗುರುತಿಲ್ಲದವರಿಗೂ. ಶಿಕಾರಿಪುರದಲ್ಲಿ ಗುರುತಿಲ್ಲದವರನ್ನು ಕಂಡರೆ ನಾವು “ಯಾವೂರ್ರೀ?” ಎನ್ನುತ್ತೇವೆ. ಅದೂ ಇದೂ ಒಂದೇ ಇರಬೇಕು ಅನ್ನಿಸಿತು.

ಬಸ್ಸಿನಲ್ಲಿ ಮೋಸ ಹೋದೆವು. ಮೋಸ ಮಾಡಿದವರು ಯಾರೂ ಇಲ್ಲ, ನಾವೇ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಊರಿನ ಅಭ್ಯಾಸದಲ್ಲಿ ಈಚೆ ಬದಿ ನಿಂತು ಹತ್ತಿದವರು ಊರು ಬಿಟ್ಟು ಎತ್ತಲೋ ಹೋದೆವು. ಕಟ್ಟಕಡೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು, ನಾವಿಬ್ಬರೇ ಉಳಿದೆವು. ಚಾಲಕ ತಿರುಗಿ ನೋಡಿದ. ನಾನು ವಿಳಾಸದ ಚೀಟಿ ತೋರಿಸಿದೆ. ನಗಲಿಲ್ಲ, ಗದರಲಿಲ್ಲ. ತನ್ನ ತಿಂಡಿಯ ಪೊಟ್ಟಣ ಬಿಚ್ಚಿ ಒಂದು ಕಿತ್ತಳೆಯನ್ನು ಚಿಕ್ಕಮ್ಮನ ಕೈಗಿಟ್ಟು, ತಿಂದು ಮುಗಿಸಿ, ಅದೇ ಬಸ್ಸಿನಲ್ಲಿ ನಮ್ಮನ್ನು ಹಿಂದಕ್ಕೆ ತಂದು ಸರಿಯಾದ ಬೀದಿಯ ತುದಿಯಲ್ಲಿ ಇಳಿಸಿದ.

ಚಿಕ್ಕಮ್ಮ ಇಳಿಯುವಾಗ ಧನ್ಯವಾದಕ್ಕೆ ಏನನ್ನಬೇಕೆಂದು ಕೇಳಿದಳು. “ಒಬ್ರಿಗಾದ” ಎಂದು ಹೇಳಿಕೊಟ್ಟೆ.

“ಒಬ್ರಿಗಾದ್ರೂ ಅಂತಲಾ?”

“ಅಲ್ಲ ಚಿಕ್ಕಮ್ಮ, ಬರೀ ಒಬ್ರಿಗಾದ.”

“ಇರ್ಲಿ ಬಿಡು, ಅರ್ಥ ಚೆನ್ನಾಗೇ ಐತೆ” ಎಂದವಳು ಆಮೇಲೆ ಊರು ಬಿಡುವವರೆಗೂ ಎಲ್ಲರಿಗೂ “ಒಬ್ರಿಗಾದ್ರೂ” ಎಂದೇ ಹೇಳಿದಳು. ಯಾರೂ ತಿದ್ದಲಿಲ್ಲ.

ದೋನಾ ಲುರ್ದೆಸ್ ಮನೆ

ನಾವು ಇಳಿದುಕೊಂಡದ್ದು ದೋನಾ ಲುರ್ದೆಸ್ ಎಂಬ ಅಜ್ಜಿಯ ಮನೆಯ ಮೇಲಿನ ಕೋಣೆಯಲ್ಲಿ. ದೋನಾ ಎಂದರೆ ನಮ್ಮ ‘ಅಮ್ಮಾವ್ರು’ ಇದ್ದ ಹಾಗೆ. ಆಕೆಗೆ ಇಂಗ್ಲಿಷ್ ಬಾರದು, ಚಿಕ್ಕಮ್ಮನಿಗೂ ಬಾರದು. ಅದರಿಂದ ಇಬ್ಬರಿಗೂ ಬಹಳ ಅನುಕೂಲವಾಯಿತು. ಅವರವರ ಭಾಷೆಯಲ್ಲಿ ಧಾರಾಳವಾಗಿ ಮಾತಾಡಿದರು.

ಮೊದಲ ಸಂಜೆ ನಮಗೆ ಬಿಸಿಬಿಸಿ ಹಸಿರು ಸಾರು ಬಂತು. ಆಲೂಗಡ್ಡೆ ಅರೆದು, ಎಲೆಸೊಪ್ಪನ್ನು ಕೂದಲೆಳೆಯಂತೆ ಹೆಚ್ಚಿ ಹಾಕಿದ್ದರು. ಚಿಕ್ಕಮ್ಮ ಚಮಚ ಅದ್ದಿದಳು. ತಳದಿಂದ ಕೆಂಪು ಬಿಲ್ಲೆಯೊಂದು ಮೇಲೆ ತೇಲಿ ಬಂತು. ಮಾಂಸದ ತುಂಡು. ಚಿಕ್ಕಮ್ಮ ಚಮಚವನ್ನು ಮೆಲ್ಲನೆ ಕೆಳಗಿಟ್ಟು, ಕೈ ಮುಗಿದು, ಕೊರಳ ಕರಡಿಗೆ ಮುಟ್ಟಿ ತೋರಿಸಿದಳು. ದೋನಾ ಲುರ್ದೆಸ್ ಬಟ್ಟಲನ್ನು ನೋಡಿದಳು, ಕರಡಿಗೆಯನ್ನು ನೋಡಿದಳು, ತನ್ನ ಕೊರಳಿನ ಸಣ್ಣ ಶಿಲುಬೆಯನ್ನು ಮುಟ್ಟಿಕೊಂಡಳು. ಬಟ್ಟಲು ಒಳಗೆ ಹೋಯಿತು. ಮುಕ್ಕಾಲು ಗಂಟೆಯ ನಂತರ ಬೇರೆ ಪಾತ್ರೆಯಲ್ಲಿ, ಬೇರೆ ಸಾರು ಬಂತು. ಮತ್ತೆ ಮೊದಲಿನಿಂದ ಸೊಪ್ಪು ಹೆಚ್ಚಿದ್ದಳು.

ಮರುದಿನ ಚಿಕ್ಕಮ್ಮ ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಇಳಿದಳು. ಅವರ ಮೆಕ್ಕೆಜೋಳದ ದಪ್ಪ ಬ್ರೆಡ್ಡಿನ ಮೇಲೆ ಪುಡಿ ಉದುರಿಸಿ, ಆಲಿವ್ ಎಣ್ಣೆ ಬಿಟ್ಟು ಕೊಟ್ಟಳು. ದೋನಾ ಲುರ್ದೆಸ್‌ಗೆ ಖಾರ ನೆತ್ತಿಗೇರಿತು, ಕಣ್ಣಲ್ಲಿ ನೀರು ಬಂತು. ಆದರೂ ಇನ್ನೊಂದು ತುಂಡು ಮುಂದೆ ಹಿಡಿದಳು.

ಅವರ ನಗೆ ನನ್ನ ಕೋಣೆಗೆ ಕೇಳುತ್ತಿತ್ತು. ನಾನು ಭಾಷಣದ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ. ಎರಡು ಭಾಷಣ ಸಿದ್ಧವಿದ್ದವು. ಒಂದು ಹಳೆಯದು, ಚಂದದ್ದು. ಇನ್ನೊಂದು ನಿಜವಾದದ್ದು. ಎರಡನೆಯದನ್ನೇ ಮಾಡುವುದೆಂದು ಊರಲ್ಲೇ ನಿಶ್ಚಯಿಸಿದ್ದರೂ ಮೊದಲನೆಯದನ್ನು ಅಳಿಸಿರಲಿಲ್ಲ.

ಗೋಡೆಯ ಮೇಲಿನ ಹಾಳೆ

ಸಮ್ಮೇಳನದ ಮೊದಲ ಮಧ್ಯಾಹ್ನ ಕಿರಿಯ ಸಂಶೋಧಕರು ತಮ್ಮ ಕೆಲಸವನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ನಿಂತಿರುತ್ತಾರೆ. ನೋಡುವವರು ನೋಡುತ್ತಾ ಹೋಗಬೇಕು. ನಮ್ಮ ಕಡೆ ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನ ಇಡುತ್ತಾರಲ್ಲ, ಹಾಗೇ. ಕಾಫಿ ಕೊಡುವ ಕಡೆ ಜನವೋ ಜನ, ದೂರದ ಮೂಲೆಗಳಲ್ಲಿ ನಿಂತವರಿಗೆ ಮಾತಾಡಿಸುವವರಿಲ್ಲ.

ಅಂಥದೊಂದು ಮೂಲೆಯ ಹಾಳೆಯ ಮೇಲೆ ಕುರಿಗಳ ಮುಖ ಕಂಡು ನಿಂತೆ. ಪಕ್ಕದಲ್ಲಿ ಇನೇಸ್ ಎಂಬ ಹುಡುಗಿ. ಕೊಯಿಂಬ್ರಾದಲ್ಲೇ ಪಿಎಚ್.ಡಿ. ಮಾಡುತ್ತಿದ್ದಳು, ನನ್ನನ್ನು ಕರೆಸಿದ್ದ ಪ್ರೊಫೆಸರ್ ರುಯಿ ಅವಳ ಮಾರ್ಗದರ್ಶಕರು. ಅಲ್ಲಿನ ಬೆಟ್ಟಗಳ ಕುರಿಗಾರರ ಮೇಲೆ ನಮ್ಮ ಪ್ರಯೋಗವನ್ನೇ ಮತ್ತೆ ಮಾಡಿದ್ದಳು. ಅವರಿಗೆ ಮನುಷ್ಯರ ಮುಖವನ್ನೂ ತೋರಿಸಿದ್ದಳು. ಫಲಿತಾಂಶ ಬಲಭಾಗ. ಎರಡಕ್ಕೂ ಬಲಭಾಗ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, “ಮೂಲ ಸಂಶೋಧನೆಗಿಂತ ನಮ್ಮ ಫಲಿತಾಂಶ ಬೇರೆಯಾಗಿರುವುದಕ್ಕೆ ನಮ್ಮ ವಿಧಾನದ ದೋಷ ಕಾರಣವಿರಬಹುದು” ಎಂದು ಬರೆದಿತ್ತು.

ಎದೆಗೆ ತಗುಲಿಸಿಕೊಂಡಿದ್ದ ಚೀಟಿಯಲ್ಲಿ ನನ್ನ ಹೆಸರು ಓದಿದ್ದೇ ಅವಳ ಮುಖ ಬಿಳಿಚಿತು.

“ನೀವೇನಾ? ನಿಮಗೆ ಪತ್ರ ಬರೆಯಬೇಕೆಂದು ಎಷ್ಟು ಸಲ ಕೂತೆನೋ. ಧೈರ್ಯ ಬರಲಿಲ್ಲ” ಎಂದಳು ಇಂಗ್ಲಿಷಿನಲ್ಲಿ. “ಮೂರು ಸಲ ಮೊದಲಿನಿಂದ ಲೆಕ್ಕ ಹಾಕಿದೆ. ಎಡಭಾಗ ಬರುವುದೇ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ, ನೋಡಿ ಹೇಳುತ್ತೀರಾ? ಈ ವರ್ಷದ ಕೊನೆಗೆ ನನ್ನ ಅವಧಿ ಮುಗಿಯುತ್ತದೆ. ಈ ಫಲಿತಾಂಶ ಇಟ್ಟುಕೊಂಡು ಪ್ರಬಂಧ ಕೊಡುವ ಹಾಗಿಲ್ಲ. ಬಿಟ್ಟುಬಿಡೋಣ ಅಂತಿದ್ದೇನೆ.”

ಅಲ್ಲಿಯವರೆಗೆ ಈ ತಪ್ಪು ನನ್ನದು, ಇದರ ನಷ್ಟ ನನ್ನದು ಎಂದೇ ತಿಳಿದಿದ್ದೆ. ಬಡ್ತಿ, ಹೆಸರು, ದಿನಾ ನೋಡುವ ಆ ಸಂಖ್ಯೆ. ಆ ಸಂಖ್ಯೆಯ ಒಂದೊಂದರ ಹಿಂದೆಯೂ ನನ್ನನ್ನು ನಂಬಿದ ಒಬ್ಬ ಮನುಷ್ಯ ಇದ್ದಾನೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಒಬ್ಬಳು ಈಗ ಎದುರಿಗೇ ನಿಂತು, ತಾನೇ ತಪ್ಪಿದೆ ಎನ್ನುತ್ತಿದ್ದಳು.

“ಇನೇಸ್, ನೀವು ಎಲ್ಲೂ ತಪ್ಪಿಲ್ಲ” ಎಂದೆ. “ತಪ್ಪಿದ್ದು ನಾನು. ನಮ್ಮ ಚಿತ್ರಗಳೇ ಎಡಬಲ ಮಗುಚಿದ್ದವು. ನನಗೆ ಗೊತ್ತಾಗಿ ಮೂರು ವಾರ ಆಯಿತು. ಅದನ್ನೇ ಹೇಳಲಿಕ್ಕೆ ಬಂದಿದ್ದೇನೆ.”

ಅವಳು ನನ್ನನ್ನು, ಗೋಡೆಯ ಹಾಳೆಯನ್ನು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಸೀರೆ ಸಾವರಿಸಿಕೊಂಡು ಪಕ್ಕದಲ್ಲಿ ಕೂತೆ. “ಕ್ಷಮಿಸಿ” ಎಂದೆ. ಆಕೆ ತಲೆ ಅಲ್ಲಾಡಿಸಿದಳು. “ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಿದ್ದೆ” ಎಂದಳು, ಬಿಕ್ಕುತ್ತಾ.

ಅವತ್ತು ಕೋಣೆಗೆ ಹೋದವಳೇ ಹಳೆಯ ಭಾಷಣವನ್ನು ಅಳಿಸಿದೆ.

ವೇದಿಕೆ

ಮರುದಿನ ಬೆಳಗ್ಗೆ ನನ್ನ ಸರದಿ. ಚಿಕ್ಕಮ್ಮ ಇಳಕಲ್ ಸೀರೆಯುಟ್ಟು ಕೊನೆಯ ಸಾಲಿನಲ್ಲಿ, ದೋನಾ ಲುರ್ದೆಸ್ ಜೊತೆ ಕೂತಿದ್ದಳು. ಅವರನ್ನು ಒಳಗೆ ಬಿಟ್ಟವರು ಯಾರೋ ತಿಳಿಯದು. ಇಬ್ಬರಿಗೂ ಒಂದಕ್ಷರ ಅರ್ಥವಾಗುವಂತಿರಲಿಲ್ಲ.

ಮೊದಲು ಹನುಮಂತಪ್ಪನ ತಲೆಯ ಫೋಟೊ ತೋರಿಸಿದೆ, ಹಿಂದಿನಿಂದ ತೆಗೆದದ್ದು. ತೋರಿಸಬಹುದೇ ಎಂದು ಅವನನ್ನು ಕೇಳಿದ್ದೆ. “ತೋರ್ಸ್ರಿ, ತಲೆ ತಾನೆ?” ಎಂದಿದ್ದ. ಆಮೇಲೆ ನಮ್ಮ ಲೇಖನದಲ್ಲಿದ್ದ ಅವನದೇ ಮಿದುಳಿನ ಚಿತ್ರ. ತಗ್ಗು ಫೋಟೊದಲ್ಲಿ ಬಲಕ್ಕೆ, ಚಿತ್ರದಲ್ಲಿ ಎಡಕ್ಕೆ. ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ. ಸಭೆಯಲ್ಲಿ ಒಬ್ಬೊಬ್ಬರೇ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದು ಕಂಡಿತು.

“ನಮ್ಮ ಫಲಿತಾಂಶ ತಪ್ಪು. ಪತ್ರಿಕೆಗೆ ನಿನ್ನೆ ಬರೆದಿದ್ದೇನೆ, ಲೇಖನವನ್ನು ಹಿಂದಕ್ಕೆ ಪಡೆಯುತ್ತೇವೆ. ನನ್ನನ್ನು ಉಲ್ಲೇಖಿಸಿದವರಲ್ಲಿ ಕ್ಷಮೆ ಕೇಳುತ್ತೇನೆ. ಸರಿಯಾದ ಉತ್ತರ ಈ ಕಟ್ಟಡದಲ್ಲೇ ಇದೆ, ಕೆಳಗಿನ ಮೂಲೆಯ ಗೋಡೆಯ ಮೇಲೆ, ಇನೇಸ್ ಅವರ ಹಾಳೆಯಲ್ಲಿ” ಎಂದು ಮುಗಿಸಿದೆ. ಕೊಟ್ಟಿದ್ದ ಇಪ್ಪತ್ತು ನಿಮಿಷದಲ್ಲಿ ಅರ್ಧವೂ ಆಗಿರಲಿಲ್ಲ.

ಮೂರನೆಯ ಸಾಲಿನಲ್ಲಿ ಒಬ್ಬರು ಎದ್ದು, “ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದೇನೆ” ಎಂದಷ್ಟೇ ಹೇಳಿ ಹೊರಗೆ ಹೋದರು. ಅವರ ಸಿಟ್ಟು ನ್ಯಾಯವಾದದ್ದು.

ಆಮೇಲೆ ಪ್ರೊಫೆಸರ್ ರುಯಿ ಎದ್ದರು. ಬೆಳ್ಳಗಿನ ಗಡ್ಡದ, ಮೆಲುಮಾತಿನ ಮುದುಕರು. ನನ್ನ ಕಡೆ ನೋಡಲಿಲ್ಲ. ವೇದಿಕೆಗೆ ಬೆನ್ನು ಮಾಡಿಯೇಬಿಟ್ಟರು ಅನ್ನುವ ಹಾಗೆ ಹಿಂದಕ್ಕೆ ತಿರುಗಿ, ಬಾಗಿಲ ಬಳಿ ನಿಂತಿದ್ದ ಇನೇಸ್‌ಳನ್ನು ಹುಡುಕಿದರು. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು: “ಇನೇಸ್, ನೀನು ಮೂರು ಸಲ ಹೇಳಿದೆ. ನಾನು ಅಚ್ಚಾದ ಲೇಖನವನ್ನು ನಂಬಿದೆ, ನಿನ್ನನ್ನು ನಂಬಲಿಲ್ಲ. ಈ ತಪ್ಪು ನಮ್ಮ ಅತಿಥಿಯದಲ್ಲ, ನನ್ನದು.”

ಚಪ್ಪಾಳೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಚಿಕ್ಕಮ್ಮ ಎದ್ದು ನಿಂತು ತಟ್ಟುತ್ತಿದ್ದಳು. ಅವಳನ್ನು ನೋಡಿ ದೋನಾ ಲುರ್ದೆಸ್ ಕೂಡ. ಹೊರಗೆ ಕಾಫಿಯ ಹತ್ತಿರ ಒಬ್ಬಾಕೆ ನನ್ನ ಕೈ ಹಿಡಿದು, “ನಾನು ನಿಮ್ಮನ್ನು ಎರಡು ಕಡೆ ಉಲ್ಲೇಖಿಸಿದ್ದೇನೆ. ಊರಿಗೆ ಹೋಗಿ ತಿದ್ದುವ ಕೆಲಸ ಕೊಟ್ಟಿರಿ” ಎಂದು ನಕ್ಕಳು. ಇನ್ನೊಬ್ಬರು ಪಕ್ಕಕ್ಕೆ ಕರೆದು, ತಮ್ಮ ಕಡತಗಳಲ್ಲಿ ಎಡಬಲ ಪರೀಕ್ಷಿಸುವುದು ಹೇಗೆಂದು ಕೇಳಿ ಬರೆದುಕೊಂಡರು. ಗದರಿಸಿಕೊಳ್ಳಲು ಮೈ ಗಟ್ಟಿ ಮಾಡಿಕೊಂಡು ಹೋಗಿದ್ದವಳಿಗೆ ಈ ಮಮತೆಯನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಮೆಟ್ಟಿಲ ಮೇಲೆ ಹೋಗಿ ಕೂತು ಅತ್ತೆ.

ಚಿಕ್ಕಮ್ಮ ಬಂದು ಪಕ್ಕದಲ್ಲಿ ಕೂತಳು. “ಎಂತಕ್ಕೆ ಅಳ್ತೀಯೇ? ಕೊಟ್ರಲ್ಲ ಸೋರೋ ಕೊಡಾನ ವಾಪಸ್ಸು?”

“ಕೊಟ್ರು ಚಿಕ್ಕಮ್ಮ.”

“ಹಂಗಾದ್ರೆ ಏಳು. ಹಸಿವಾಗೈತೆ.”

ಬೆಟ್ಟದ ಊರು

ಹೊರಡುವ ಮುಂಚಿನ ದಿನ ಇನೇಸ್ ತನ್ನ ಹಳೆಯ ಕಾರಿನಲ್ಲಿ ನಮ್ಮನ್ನು ತನ್ನ ಅಜ್ಜನ ಊರಿಗೆ ಕರೆದುಕೊಂಡು ಹೋದಳು. ಕುರಿಗಾರರ ಮೇಲೆ ಅವಳಿಗೇಕೆ ಅಷ್ಟು ಆಸ್ಥೆ ಎಂದು ಅಲ್ಲಿ ತಿಳಿಯಿತು. ಅಜ್ಜ ಜುವಾಕಿಂ ಹುಟ್ಟಿದಾಗಿನಿಂದ ಕುರಿಯ ಜೊತೆ ಇದ್ದವನು. ಕಲ್ಲುಗುಡ್ಡ, ಅಲ್ಲಲ್ಲಿ ಹುಲ್ಲು, ಕುರಿಗಳ ಕೊರಳಲ್ಲಿ ಗಂಟೆ. ಆತ ಮುಂದೆ ನಡೆದರೆ ಹಿಂಡು ಹಿಂದೆ ಬರುತ್ತಿತ್ತು. ಬಾಯಲ್ಲಿ ಎಂಥದೋ ಸಣ್ಣ ಸದ್ದು. ಟೋಪಿ ತೆಗೆದು ರುಮಾಲು ಸುತ್ತಿದ್ದರೆ ನಮ್ಮ ಕಡೆಯವನೇ.

ಆತನ ಹೆಂಡತಿ ಕುರಿಹಾಲಿನ ಗಿಣ್ಣದಂಥ ಮೆತ್ತನೆಯ ಚೀಸ್ ತಂದಿಟ್ಟಳು. ಹೆಪ್ಪಿಗೆ ಏನು ಹಾಕುತ್ತೀರಿ ಎಂದು ಚಿಕ್ಕಮ್ಮ ಕೇಳಿಸಿದಳು. ಅದು ಅವಳಿಗೆ ಮುಖ್ಯವಾದ ಪ್ರಶ್ನೆ. ಆ ಅಜ್ಜಿ ಒಣಗಿಸಿಟ್ಟ ನೇರಳೆ ಬಣ್ಣದ ಮುಳ್ಳುಗಿಡದ ಹೂವೊಂದನ್ನು ತಂದು ಅಂಗೈ ಮೇಲಿಟ್ಟಳು. ಹೂವಿನಲ್ಲಿ ಹೆಪ್ಪಾಗುವ ಹಾಲು! ಚಿಕ್ಕಮ್ಮ ಧೈರ್ಯವಾಗಿ ತಿಂದಳು, ಮತ್ತೆ ಹಾಕಿಸಿಕೊಂಡಳು.

ಅಲ್ಲಿ ಮಧ್ಯಾಹ್ನ, ನಮ್ಮಲ್ಲಿ ಸಂಜೆ. ಹನುಮಂತಪ್ಪನ ಮಗಳ ಫೋನಿಗೆ ವೀಡಿಯೊ ಕರೆ ಮಾಡಿದೆ. ಹಿಂಡನ್ನು ಕೊಟ್ಟಿಗೆಗೆ ಹೊಡೆಯುತ್ತಿದ್ದ. ಅಜ್ಜ ಮಾತಾಡಿದ್ದನ್ನು ಇನೇಸ್ ನನಗೆ, ನಾನು ಹನುಮಂತಪ್ಪನಿಗೆ.

“ನಿಮ್ಮ ಕುರಿಗಳಿಗೆ ಹೆಸರಿಡ್ತೀರಾ ಅಂತ ಕೇಳ್ತಿದ್ದಾರೆ.”

“ಎಲ್ಲಕ್ಕೂ ಎಲ್ಲಿ ಇಡಾದ್ರೀ? ಮುಖ ಐತಲ್ಲ, ಹೆಸರ್ಯಾಕೆ?”

ಇನೇಸ್ ಅದನ್ನು ಹೇಳಿದಾಗ ಅಜ್ಜ ತೊಡೆ ತಟ್ಟಿಕೊಂಡು ನಕ್ಕ. ಅದನ್ನೇ ತಾನು ಮೊಮ್ಮಗಳಿಗೆ ಎಷ್ಟು ಸಲ ಹೇಳಿಲ್ಲ ಎಂದ. ಹನುಮಂತಪ್ಪ ಫೋನಿಗೆ ಕಣ್ಣು ತಂದು, “ಹಿಂದೆ ನಿಂತಾಳಲ್ಲ, ಕಿವಿ ಕಪ್ಪಿನಾಕಿ, ಆಕಿಗೆ ಹುಷಾರಿಲ್ಲೇನು? ಮುಖ ಬಾಡೈತಿ ನೋಡಂತ ಹೇಳ್ರಿ” ಎಂದ. ಅಜ್ಜ ಹೋಗಿ ಆ ಕುರಿಯ ಬಾಯಿ ತೆರೆದು ನೋಡಿದ. ಒಸಡಿನಲ್ಲಿ ಮುಳ್ಳು ಚುಚ್ಚಿ ಬಾತುಕೊಂಡಿತ್ತು. ಮುಳ್ಳು ಕಿತ್ತು, ಟೋಪಿ ತೆಗೆದು, ಫೋನಿನ ಮುಂದೆ ಹಿಡಿದು ತಲೆ ಬಗ್ಗಿಸಿದ.

ಇನೇಸ್ ನನ್ನನ್ನು ನೋಡಿದಳು. ನಾವಿಬ್ಬರೂ ಇಷ್ಟು ವರ್ಷ ಯಂತ್ರದೊಳಗೆ ಹುಡುಕಿದ್ದು ಇಲ್ಲಿ ಎರಡು ನಿಮಿಷದಲ್ಲಿ ನಡೆದುಹೋಗಿತ್ತು. ಕುರಿಯ ಮುಖವನ್ನು ಅವರು ಮನುಷ್ಯರ ಮುಖದ ಹಾಗೇ ನೋಡುತ್ತಾರೆ. ನನ್ನ ತಪ್ಪು ಲೇಖನಕ್ಕಿಂತ ಈ ನಿಜವೇ ಎಷ್ಟೋ ದೊಡ್ಡದು ಅನ್ನಿಸಿತು.

ಅಂಜನಾಪುರ

ಊರಿಗೆ ಬಂದ ಮೇಲೆ ಆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಲೇಖನ ಹಿಂದಕ್ಕೆ ಬಂತು. ನನ್ನ ಪ್ರಕಟಣೆಗಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ‘ಹಿಂದಕ್ಕೆ ಪಡೆದದ್ದು’ ಎಂಬ ಮಾತು ಸದಾ ಇರುತ್ತದೆ. ಬಡ್ತಿ ಆ ವರ್ಷ ತಪ್ಪಿತು. ಗುರುಗಳು ಕೆಲವು ದಿನ ಮುನಿಸಿಕೊಂಡಿದ್ದು, ಆಮೇಲೆ ಒಂದು ದಿನ ತಾವೇ ಬಂದು, “ನನಗೆ ಅಷ್ಟು ಧೈರ್ಯ ಬರುತ್ತಿರಲಿಲ್ಲ” ಎಂದರು. ಇನೇಸ್ ಮೊದಲ ಲೇಖಕಿಯಾಗಿ, ಅವಳ ಬೆಟ್ಟದವರ ಮತ್ತು ನಮ್ಮ ಅಂಜನಾಪುರದವರ ಚಿತ್ರಗಳನ್ನು ಸೇರಿಸಿ ಹೊಸ ಲೇಖನ ಬರೆದಳು. ನನ್ನ ಹೆಸರು ನಡುವೆ ಎಲ್ಲೋ ಇದೆ. ಅದನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ನೋಡಿಲ್ಲ ಎಂದರೆ ಸುಳ್ಳಾದೀತು. ನೋಡಿದ್ದೇನೆ, ಬೆರಳೆಣಿಕೆಯಷ್ಟು. ಆಶ್ಚರ್ಯವಿಲ್ಲದ ನಿಜಕ್ಕೆ ಗಿರಾಕಿ ಕಡಿಮೆ.

ಕಳೆದ ತಿಂಗಳು ಅಂಚೆಯಲ್ಲಿ ಇನೇಸ್‌ಳ ಪಿಎಚ್.ಡಿ. ಪ್ರಬಂಧದ ಪ್ರತಿ ಬಂತು. ಹಿಡಿದುಕೊಂಡು ಅಂಜನಾಪುರಕ್ಕೆ ಹೋದೆ. ಜಲಾಶಯದ ನೀರು ಇಳಿದು ಅಂಚಿನಲ್ಲಿ ಹುಲ್ಲು ಚಿಗುರಿತ್ತು. ಹನುಮಂತಪ್ಪ ಹಿಂಡು ಬಿಟ್ಟುಕೊಂಡು ನಿಂತಿದ್ದ. ನಿಮ್ಮ ಶ್ರಮವನ್ನು ನಾನು ತಪ್ಪು ಬರೆದು ಹಾಳು ಮಾಡಿದ್ದೆ, ಈಗ ಸರಿಯಾಗಿದೆ ಎಂದು ಹೇಳಿ, ಹೊಸ ಫಲಿತಾಂಶವನ್ನು ತಿಳಿಸಿದೆ.

“ಮನುಷ್ಯಾರನ್ನ ನೋಡೋ ಜಾಗದಾಗೇ ಕುರಿನೂ ನೋಡ್ತೀವಿ ಅಂತಾತು” ಎಂದ. “ಅಷ್ಟೇ ಆಗಿದ್ರೆ ಕೇಳಿದ್ರೆ ನಾನೇ ಹೇಳ್ತಿದ್ನಲ್ರೀ ಮೇಡಂ. ಸುಮ್ನೆ ಆ ಮಿಷಿನ್ನು, ಆ ಸದ್ದು.”

ನಾನು ನಗುತ್ತಾ ಪ್ರಬಂಧದ ಮೊದಲ ಪುಟ ತೆರೆದೆ. ಸಂಶೋಧನೆಯಲ್ಲಿ ಯಂತ್ರದೊಳಗೆ ಮಲಗಿದವರ ಹೆಸರು ಬರೆಯುವಂತಿಲ್ಲ, ಅದು ನಿಯಮ. ಹನುಮಂತಪ್ಪ ನಮ್ಮ ಕಡತಗಳಲ್ಲಿ ಬರೀ ಒಂದು ಸಂಖ್ಯೆ. ಆದರೂ ಕೃತಜ್ಞತೆಯ ಪುಟದಲ್ಲಿ ಇನೇಸ್ ಎಲ್ಲರಿಗಿಂತ ಮೊದಲು, ತನ್ನ ಪ್ರೊಫೆಸರಿಗಿಂತ, ತಾಯ್ತಂದೆಯರಿಗಿಂತ ಮೊದಲು ಎರಡು ಸಾಲು ಬರೆದಿದ್ದಳು. ಅದನ್ನು ಕನ್ನಡದಲ್ಲಿ ಓದಿದೆ:

“ನಾನು ಕಾಣದ ದೂರದ ಊರಿನ ಕುರಿಗಾರ ಹಿರಿಯರೊಬ್ಬರಿಗೆ. ಅವರು ರುಮಾಲು ಬಿಚ್ಚಿದ್ದರಿಂದ ನನ್ನ ಮೇಲೆ ನನಗೆ ನಂಬಿಕೆ ಮರಳಿತು.”

ಹಿಂಡು ಮುಂದಕ್ಕೆ ಸರಿಯಿತು, ಹನುಮಂತಪ್ಪ ಅದರ ಕಡೆ ತಿರುಗಲಿಲ್ಲ.

“ಪಾಸಾತೇನ್ರೀ ಆ ಹುಡುಗಿ?”

“ಆಯ್ತು ಹನುಮಂತಪ್ಪ. ಈಗ ಅವಳು ಡಾಕ್ಟರು.”

ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದ. ಹಾಳೆಯ ಮೇಲಿನ ಗುರುತಿಲ್ಲದ ಅಕ್ಷರಗಳನ್ನು ಬಗ್ಗಿ ನೋಡಿದ.

“ಇನ್ನೊಂದ್ಸಲ ಓದ್ರೀ” ಎಂದ.